ಅಜ್ಜನ ಬಂದೂಕು (ಭಾಗ 3)

ಧಾರವಾಡದ ನಮ್ಮ ಮನ್ಯಾಗ ಅಜ್ಜನ 12 ಬೋರಿನ ಡಬಲ್ ಬ್ಯಾರಲ್ ಬಂದೂಕು ಇತ್ತು. ಕುಮಟಾದ ಹತ್ರ ಅಘನಾಶಿನಿ ಸಮುದ್ರ ಸೇರೋ ಅಳಿವೆಯಲ್ಲಿ ಬಾತುಕೋಳಿ ಹೊಡಿಯಾಕಂತನ ಆರಿಸಿ ತಂದಿದ್ದ. 1972ರ ವನ್ಯಜೀವಿ ಕಾಯ್ದೆ ಬರೋಕಿಂತ ಮೊದಲಿನ ಮಾತು.

ಹೆಂಗ ಆರಿಸಿದ್ದ ಕೇಳ್ರಿ. ಬಯಲು ನೀರಿನ ಮ್ಯಾಲೆ ಹಕ್ಕಿ ಹತ್ರ ಬರೂದಿಲ್ಲ. ಅದಕ್ಕ ಉದ್ದ ನಳಿಗೆ, ಒಂದರ ಬಾಯಿ ಬಿಗಿ, ಅಂದ್ರ ಫುಲ್ ಚೋಕ್. ಸೀಸದ ಗುಂಡು ಬೇಗ ಚದುರಬಾರದು ಅಂತ. ತೂಕ ಇದ್ರ ಹೆಗಲಿಗೆ ಒದೆತ ಕಡಿಮಿ, ಆದ್ರ ಕೆಸರಿನಾಗ ಹೊತ್ತು ನಡಿಯೋರು ಯಾರು? ಉಪ್ಪುಗಾಳಿ ಬ್ಯಾರೆ, ಅವತ್ತ ರಾತ್ರಿನ ಒರೆಸಿ ಎಣ್ಣಿ ಹಚ್ಚಬೇಕು. 40 ಗಜ ದಾಟಿದ್ರ ಅಜ್ಜ ಹೊಡಿತಿರಲಿಲ್ಲ. ಗಾಯಗೊಂಡ ಹಕ್ಕಿ ಕಾಂಡ್ಲಾ ಗಿಡದಾಗ ಸೇರಿ ಎರಡು ದಿನ ನರಳಿ ಸಾಯ್ತದ ಅಂತಿದ್ದ. ಒಮ್ಮೆ ನೋಡಿದ್ನಂತ.

ಅಪ್ಪ ಹೋದ ಮ್ಯಾಲೆ ಬಂದೂಕು ಠಾಣೆಯಲ್ಲಿ ಜಮಾ ಆಗಿದೆ. "ಲೈಸೆನ್ಸ್ ನಿನ್ನ ಹೆಸರಿಗೆ ಮಾಡಿಸ್ಕೊಪಾ, ಅಜ್ಜಂದದು" ಅಂತಾಳ ಅವ್ವ.

ನಾನು ಅದೇ ಅಳಿವೆಗೆ ಅಂತ ದುರ್ಬೀನು ಹುಡುಕಾಕತ್ತೀನಿ. 8×42. ಹತ್ತು ಪಟ್ಟಿಂದು ಹಿಡಿದ್ರ ಕೈ ಜೊತಿ ಹಕ್ಕಿನೂ ನಡುಗ್ತದ. ತೂಕ, ಉಪ್ಪು, ದೂರ, ಲೆಕ್ಕ ಎಲ್ಲಾ ಅಜ್ಜಂದೇ. 2024ರಲ್ಲಿ ಆ ಅಳಿವೆ ರಾಮ್‌ಸಾರ್ ಪಟ್ಟಿ ಸೇರಿದೆ.

ಅರ್ಜಿ ಮಾತ್ರ ಇನ್ನೂ ಮೇಜಿನ ಮ್ಯಾಲೇ ಐತಿ. ನೀವಾಗಿದ್ರ ಏನ್ ಮಾಡ್ತಿದ್ರಿ?

#ಧಾರವಾಡ #ಅಘನಾಶಿನಿ