ಮನೋಳಿಗೆ ಒಂದು ಕೌದಿ

ನೀವು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದಿರಬಹುದು. ನವಿಲುತೀರ್ಥದ ಆಣೆಕಟ್ಟನ್ನೂ ನೋಡಿರಬಹುದು. ಆದರೆ ಅಲ್ಲಿಂದ ಹತ್ತಿರದ ಮನೋಳಿಗೆ ಎಂದಾದರೂ ಹೋಗಿದ್ದೀರಾ? "ಅಲ್ಲೇನದ ನೋಡೂದು?" ಎಂದು ಕೇಳುತ್ತೀರಿ, ಗೊತ್ತು. ಬೈಲಹೊಂಗಲದಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನಾನೂ ಹಾಗೆಯೇ ಅನ್ನುತ್ತಿದ್ದೆ. ಸರ್ಕಾರದ ಕಾಗದದಲ್ಲಿ ಮುನವಳ್ಳಿ, ಬಸ್ಸಿನ ಬೋರ್ಡಿನಲ್ಲೂ ಮುನವಳ್ಳಿ, ಜನರ ಬಾಯಲ್ಲಿ ಮಾತ್ರ ಮನೋಳಿ. ಆ ಊರಿಗೆ ನಾನು ದೇವರ ದರ್ಶನಕ್ಕೂ ಹೋಗಲಿಲ್ಲ, ಮದುವೆಗೂ ಹೋಗಲಿಲ್ಲ. 2020ರ ಜನವರಿಯಲ್ಲಿ, ಬನದ ಹುಣ್ಣಿಮೆಯ ಗದ್ದಲ ಇಳಿದ ಮೇಲೆ, ಒಂದು ಕೌದಿ ಕೊಟ್ಟು ಬರಲಿಕ್ಕೆ ಹೋದೆ. ಜೊತೆಗೆ ನನ್ನ ಹಿರಿಯ ಮಗಳು.

ಅದರ ಕಥೆ ಹೇಳಬೇಕೆಂದರೆ ಹಿಂದಿನ ಮಳೆಗಾಲಕ್ಕೆ ಹೋಗಬೇಕು. 2019ರ ಆಗಸ್ಟ್ ತಿಂಗಳನ್ನು ನಮ್ಮ ಕಡೆಯವರು ಯಾರೂ ಮರೆಯುವುದಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನಮ್ಮ ಮಲಪ್ರಭೆ ಅಂಥ ದೊಡ್ಡ ಹೊಳೆಯೇನಲ್ಲ. ನವಿಲುತೀರ್ಥದ ಜಲಾಶಯದಲ್ಲಿ ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುತ್ತದೆ ಎನ್ನುತ್ತಾರೆ, ಆದರೆ ಅದಕ್ಕೆ ಹಿಂದಿನ ಬರಗಾಲದ ವರ್ಷಗಳಲ್ಲಿ ಅದು ತುಂಬಿದ್ದೇ ಇಲ್ಲ. ಆ ವರ್ಷ ಘಟ್ಟದಲ್ಲಿ ಮಳೆ ಒಂದೇ ಸಮನೆ ಹೊಡೆಯಿತು, ಆಣೆಕಟ್ಟು ತುಂಬಿತು, ಬಾಗಿಲು ತೆರೆಯಲೇಬೇಕಾಯಿತು. ಆಣೆಕಟ್ಟಿನ ಕೆಳಗಿರುವ ಊರು ಯಾವುದು? ಮನೋಳಿ. ಅದರ ಮುಂದೆ ರಾಮದುರ್ಗ. ತಗ್ಗಿನ ಓಣಿಗಳಿಗೆಲ್ಲ ನೀರು ನುಗ್ಗಿತು. ಜನ ಉಟ್ಟ ಬಟ್ಟೆಯಲ್ಲೇ ಹೊರಬಿದ್ದರು.

ಮಗಳು ಆಗ ಬಿ.ಎ. ಎರಡನೇ ವರ್ಷ. ಹಾಸ್ಟೆಲಿನಿಂದ ಫೋನು ಮಾಡಿ, "ಅವ್ವಾ, ನಮ್ಮ ಎನ್ನೆಸ್ಸೆಸ್ಸಿನವರು ಮನೋಳಿಗೆ ಹೊಂಟಾರ, ಏಳು ದಿನ. ನಾನೂ ಹೋಗ್ತೀನಿ" ಅಂದಳು. ನನ್ನ ಎದೆ ಧಸಕ್ಕೆಂದಿತು. ರಾಡಿ, ಹುಳ-ಹುಪ್ಪಡಿ, ಪರಊರಿನಲ್ಲಿ ಶಾಲೆಯ ನೆಲದ ಮೇಲೆ ಮಲಗುವುದು! ಪಕ್ಕದ ಮನೆಯ ಕಾಕು ಅಂತೂ "ಹೆಣ್ಹುಡುಗೀನ್ನ ಅಲ್ಲಿಗೆ ಕಳಸ್ತೀಯೇನ?" ಎಂದು ಗಲ್ಲದ ಮೇಲೆ ಕೈ ಇಟ್ಟರು. ಆದರೆ ನಮ್ಮ ಯಜಮಾನರು ಕಾಲೇಜಿನಲ್ಲಿದ್ದಾಗ ಇಂಥದೇ ಶಿಬಿರಕ್ಕೆ ಹೋಗಿ ಕೆರೆಯ ಹೂಳು ತೆಗೆದವರು. ಅವರ ಮುಂದೆ ನನ್ನ ಮಾತು ನಡೆಯಲಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿ, ಒಂದು ಡಬ್ಬಿ ಚಕ್ಕುಲಿ ಕಟ್ಟಿ ಕಳಿಸಿದೆ.

ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು ಗಾಂಧೀಜಿ ಹುಟ್ಟಿದ ನೂರನೇ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು. ಆಗ ಕೇಂದ್ರದ ಶಿಕ್ಷಣ ಮಂತ್ರಿಯಾಗಿದ್ದ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಅದನ್ನು ಆರಂಭಿಸಿದರು. "ನನಗಲ್ಲ, ನಿನಗೆ" ಎಂಬುದು ಅದರ ಘೋಷವಾಕ್ಯ. ವರ್ಷಕ್ಕೆ 120 ತಾಸು ಸೇವೆ, ಮೇಲೆ ಒಂದು ವಿಶೇಷ ಶಿಬಿರ. ಇಂಥ ಕೆಲಸಕ್ಕೆ ಕಡಲು ದಾಟಿ ಬಂದವರೂ ಇದ್ದಾರೆ ನೋಡಿ. ಸ್ವಿಟ್ಸರ್ಲೆಂಡಿನ ಪಿಯೇರ್ ಸೆರೆಸೊಲ್ ಎಂಬವರು ಮೊದಲನೇ ಮಹಾಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಹಳ್ಳಿಯೊಂದನ್ನು ಕಟ್ಟಲು 1920ರಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಹೋದರು. ಯುದ್ಧದಲ್ಲಿ ವೈರಿಗಳಾಗಿದ್ದ ದೇಶದವರೂ ಆ ಗುಂಪಿನಲ್ಲಿದ್ದರು. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಅದೇ ಮನುಷ್ಯ ನಮ್ಮ ದೇಶಕ್ಕೂ ಬಂದು ಹಳ್ಳಿಗಳಲ್ಲಿ ಮನೆ ಕಟ್ಟುವ ಕೆಲಸ ಮಾಡಿದರು.

ಮಗಳು ಏಳು ದಿನದ ಮೇಲೆ ಬಂದಳು. ಕೈಯಲ್ಲಿ ಬೊಬ್ಬೆ, ಮೈಯೆಲ್ಲ ಬ್ಲೀಚಿಂಗ್ ಪೌಡರಿನ ವಾಸನೆ. ಆದರೆ ಮುಖ ಅರಳಿತ್ತು. ಸಮಾರೋಪದ ದಿನ ಪ್ರತಿಯೊಬ್ಬರೂ ತಮ್ಮ ಅನುಭವ ಹೇಳಿದರಂತೆ, ಇವಳು ಹೇಳಿದ್ದಕ್ಕೆ ಜೋರು ಚಪ್ಪಾಳೆ ಬಿತ್ತಂತೆ. "ನಾವು ಕೊಡಾಕ ಹೋಗಿದ್ವಿ, ಅವರೇ ನಮಗ ಕೊಟ್ರು" ಎಂದೇನೋ ಹೇಳಿದ್ದಳು. ನಾನೂ ಹಿಗ್ಗಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ದೀಪಾವಳಿಗೆ ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಫೋನು ಮಾಡಿದ. ಅವನ ಕಾಲೇಜಿನಿಂದಲೂ ಹುಡುಗರು ಪರದೇಶಕ್ಕೆ ಸೇವೆಗೆ ಹೋಗುತ್ತಾರಂತೆ. ಇವನು ಗ್ವಾಟೆಮಾಲಕ್ಕೆ ಹೋಗಿ ಎರಡು ವಾರ ಶಾಲೆಯ ಗೋಡೆ ಕಟ್ಟಿ ಬಂದಿದ್ದ. ಅಣ್ಣ-ತಂಗಿ ಇಬ್ಬರೂ ತಾಸುಗಟ್ಟಲೆ ಮಾತಾಡಿದರು. ಅವನು ನಗುತ್ತ ಹೇಳಿದ್ದು ನನ್ನ ಕಿವಿಗೂ ಬಿತ್ತು: "ನಮ್ಮಲ್ಲಿ ಒಬ್ಬರಿಗೂ ಥಾಪಿ ಹಿಡಿಯಾಕ ಬರ್ತಿರಲಿಲ್ಲ. ನಮ್ಮ ವಿಮಾನದ ಚಾರ್ಜಿನೊಳಗ ಅಲ್ಲಿ ಗೌಂಡಿಗಳಿಗೆ ಎಷ್ಟೋ ತಿಂಗಳ ಪಗಾರ ಕೊಡಬಹುದಿತ್ತು. ನಿಮಗ ಗೋಡಿ ಬೇಕೋ ಮಾಸ್ತರು ಬೇಕೋ ಅಂತ ನಾವು ಕೇಳಲೇ ಇಲ್ಲ."

ಮಗಳು ಸುಮ್ಮನಾಗಿಬಿಟ್ಟಳು. ಆ ರಾತ್ರಿ ನನ್ನ ಹಾಸಿಗೆಗೆ ಬಂದು ಮಲಗಿದಳು. ದೊಡ್ಡವಳಾದ ಮೇಲೆ ಹಾಗೆ ಬಂದದ್ದೇ ಇಲ್ಲ. "ಅವ್ವಾ, ನಾನೂ ಕೇಳಲಿಲ್ಲ" ಅಂದಳು.

ಏನಾಗಿತ್ತೆಂದರೆ, ಹೊಳೆಯ ಕಡೆಯ ಓಣಿಯಲ್ಲಿ ಒಬ್ಬ ಆಯಿಯ ಮನೆ ಇವರ ಗುಂಪಿಗೆ ಬಂದಿತ್ತು. ಒಬ್ಬಳೇ ಇರುವ ಮುದುಕಿ. ಪಡಸಾಲೆಯಲ್ಲಿ ಮೊಳಕಾಲುದ್ದ ರಾಡಿ. ಹಗೇವಿನಲ್ಲಿಟ್ಟ ಜೋಳ ಕೊಳೆತು ನಾರುತ್ತಿತ್ತು. ಹುಡುಗಿಯರು ಸೀರೆಯ ಸೆರಗಿನಂತೆ ದುಪಟ್ಟಾ ಸೊಂಟಕ್ಕೆ ಬಿಗಿದು, ಸಲಿಕೆ-ಬುಟ್ಟಿ ಹಿಡಿದು, ಎರಡು ದಿನದಲ್ಲಿ ಮನೆ ಖಾಲಿ ಮಾಡಿದರು. ತೊಯ್ದದ್ದು, ನಾರುವುದು, ಹರಿದದ್ದು ಎಲ್ಲವನ್ನೂ ಹೊರಗೆ ಒಟ್ಟಿದರು. ಟ್ರ್ಯಾಕ್ಟರ್ ಬಂದು ತುಂಬಿಕೊಂಡು ಹೋಯಿತು. ಆಯಿ ಆ ಹೊತ್ತು ಪರಿಹಾರದ ಹೆಸರು ಬರೆಸಲಿಕ್ಕೆ ಸಾಲಿನಲ್ಲಿ ನಿಂತಿದ್ದಳು.

ಆ ರಾಶಿಯಲ್ಲಿ ಅವಳ ಕೌದಿ ಇತ್ತು. ಹಡೆದವ್ವನ ಸೀರೆ, ತೀರಿಕೊಂಡ ಮಗಳ ಇಳಕಲ್ ಸೀರೆ, ಗಂಡನ ಪಟಗದ ತುಂಡು, ಎಲ್ಲ ಕೂಡಿಸಿ ಹೊಲಿದ ಕೌದಿ.

ಬಂದು ನೋಡಿದ ಆಯಿ ಆಗ ಏನೂ ಅನ್ನಲಿಲ್ಲವಂತೆ. ಯಾರಿಂದಲೋ ಹಿಟ್ಟು ಕಡ ತಂದು ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ ಹುಡುಗಿಯರಿಗೆ ಉಣ್ಣಿಸಿದಳು. (ನಾವು ಪುಂಡಿಪಲ್ಯಕ್ಕೆ ತೊಗರಿಬೇಳೆ ಹಾಕುತ್ತೇವೆ. ಆಯಿ ಜೋಳದ ನುಚ್ಚು ಹಾಕಿ ಕುದಿಸಿ, ಹಸಿಮೆಣಸಿನಕಾಯಿ ಅರೆದು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಾಳೆ. ಹುಳಿ ಮೆತ್ತಗಾಗುತ್ತದೆ. ನೀವೂ ಮಾಡಿ ನೋಡಿರಿ.) ಹೊರಡುವ ದಿನ ಮಗಳು ಕಾಲಿಗೆರಗಿದಾಗ ಮಾತ್ರ ಮೆಲ್ಲಗೆ ಹೇಳಿದಳಂತೆ: "ಎಲ್ಲಾ ಛಲೋ ಮಾಡಿದ್ರಿ ತಂಗಿ. ಕೌದಿ ಒಂದು ಕೇಳಿ ಒಗದಿದ್ರ ಆಗತಿತ್ತು."

ಆ ಮಾತು ಕೇಳಿದ ಮೇಲೆಯೇ ನನ್ನ ಮಗಳು ಸಮಾರೋಪಕ್ಕೆ ಹೋಗಿ ಭಾಷಣ ಮಾಡಿದ್ದು, ಚಪ್ಪಾಳೆ ಹೊಡೆಸಿಕೊಂಡದ್ದು. ಅದೇ ಅವಳನ್ನು ತಿನ್ನುತ್ತಿತ್ತು.

ನಿಮ್ಮ ಮಗಳು ಹೀಗೆ ಹೇಳಿದ್ದರೆ ನೀವೇನು ಮಾಡುತ್ತಿದ್ದಿರಿ? ಯಜಮಾನರು "ಒಂದು ಸೊಲ್ಲಾಪುರ ಚಾದರ ಕೊಂಡು ಕೊಟ್ಟು ಬರ್ರಿ, ಮುಗೀತು" ಅಂದರು. ಗಂಡಸರಿಗೆ ಎಲ್ಲದಕ್ಕೂ ಪೇಟೆಯೇ ದಾರಿ! ಹೋದ ಸೀರೆಗಳನ್ನು ನಾವು ತರಲಾರೆವು, ನಿಜ. ಆದರೂ ಕೌದಿಗೆ ಕೌದಿಯನ್ನೇ ಕೊಡಬೇಕೆಂದು ನನಗೆ ಅನಿಸಿತು. ಟ್ರಂಕಿನಿಂದ ನನ್ನ ಹಳೆಯ ಸೀರೆಗಳನ್ನು ತೆಗೆದೆ. ನಮ್ಮ ಅತ್ತೆಯವರ ಒಂದು ಚಂದ್ರಕಾಳಿ ಸೀರೆ ಇತ್ತು. ಅದನ್ನು ಹರಿಯಲು ಮನಸ್ಸಾಗದೆ ಎರಡು ದಿನ ಹಾಗೇ ಇಟ್ಟಿದ್ದೆ, ಕಡೆಗೆ ಅದನ್ನೂ ಹರಿದೆ.

ಕೌದಿ ಹೊಲಿಯುವುದು ಸುಲಭವೆಂದು ತಿಳಿಯಬೇಡಿ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ತೊಳೆದು ನೋಡಬೇಕು. ಕೆಳಗೆ ಗಟ್ಟಿ ಸೀರೆ ಹಾಸಿ, ನಡುವೆ ಮೆತ್ತಗಿನ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹರಡಿ, ಮೇಲೆ ಬಣ್ಣದ ತುಂಡು ಜೋಡಿಸಬೇಕು. ನಾಲ್ಕೂ ಕಡೆ ದೊಡ್ಡ ಟಾಕು ಹಾಕಿ ಬಿಗಿದುಕೊಳ್ಳದಿದ್ದರೆ ಒಳಗೆ ಸುಕ್ಕು ಬೀಳುತ್ತದೆ. ಆಮೇಲೆ ಅಂಚಿನಿಂದ ಶುರುಮಾಡಿ ಸುತ್ತ ಸುತ್ತುತ್ತ ನಡುವಿಗೆ ಬರಬೇಕು, ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ಮಗಳು ಶನಿವಾರ ಬಂದರೆ ರವಿವಾರ ಸಂಜೆಯತನಕ ಕೂತಳು. ಉಳಿದ ದಿನ ಮಧ್ಯಾಹ್ನ ಊಟವಾದ ಮೇಲೆ ನಾನೊಬ್ಬಳೇ. ಎಳ್ಳಮವಾಸ್ಯೆ ಬಂದುಹೋಯಿತು, ಸಂಕ್ರಾಂತಿಯೂ ಆಯಿತು, ಆಗ ಮುಗಿಯಿತು.

ಬೈಲಹೊಂಗಲದಿಂದ ಸವದತ್ತಿಗೆ ಹೋಗಿ ಅಲ್ಲಿ ಬಸ್ಸು ಬದಲಿಸಿದೆವು. ಕಪ್ಪು ಎರೆಹೊಲದ ತುಂಬ ಬಿಳಿಜೋಳ ತೆನೆ ಹಿಡಿದಿತ್ತು, ಕಡಲೆ ಕಾಯಿಗಟ್ಟಿತ್ತು. ಗುಡ್ಡವನ್ನು ಸೀಳಿಕೊಂಡು ಹೊಳೆ ಹೊರಬೀಳುವ ಜಾಗವೇ ನವಿಲುತೀರ್ಥ. ಅಲ್ಲಿಯೇ ಆಣೆಕಟ್ಟು ಕಟ್ಟಿದ್ದಾರೆ. ಅದೇ ನೀರು ಹೊಲಕ್ಕೆ ಜೀವ, ಮನೋಳಿಗೆ ಮರಣ. ಹಿಂದೆಯೂ ಈ ಹೊಳೆ ಇಲ್ಲಿ ಜೀವ ತೆಗೆದುಕೊಂಡಿದೆ. 1800ರ ಜುಲೈಯಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಇಂಗ್ಲಿಷರ ದಂಡು ಮನೋಳಿಯ ಬಳಿ ಅವನ ಪಾಳ್ಯದ ಮೇಲೆ ಬಿದ್ದಾಗ, ಅನೇಕರು ತುಂಬಿದ ಹೊಳೆಗೆ ಬಿದ್ದು ಸತ್ತರು. ಆ ದಂಡಿನ ನಾಯಕ ವೆಲ್ಲೆಸ್ಲಿ ಮುಂದೆ 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನೇ ಸೋಲಿಸಿದವನು.

ಊರಲ್ಲಿ ಇಳಿದ ಮೇಲೆ ಪಂಚಲಿಂಗೇಶ್ವರನ ಗುಡಿಗೆ ಹೋದೆವು. ಹಳೆಯ ಕಲ್ಲಿನ ಗುಡಿ, ಒಳಗೆ ತಂಪು, ನಿಶ್ಶಬ್ದ. ನನಗೆ ಅಲ್ಲಿ ಇನ್ನೂ ಸ್ವಲ್ಪ ಕೂಡ್ರಬೇಕೆನಿಸಿತು. ಮಗಳು ಕೌದಿಯ ಗಂಟು ಹೊತ್ತು ಚಡಪಡಿಸುತ್ತಿದ್ದಳು. ಓಣಿಯ ಗೋಡೆಗಳ ಮೇಲೆ ನೀರು ನಿಂತ ಗುರುತು ಇನ್ನೂ ಇತ್ತು, ನನ್ನ ತಲೆಗಿಂತ ಮೇಲೆ. ಕೆಲವು ಮನೆಗಳು ಬಿದ್ದಲ್ಲೇ ಇದ್ದವು, ಕೆಲವಕ್ಕೆ ತಗಡು ಹೊದಿಸಿದ್ದರು.

ಆಯಿ ಬಾಗಿಲಲ್ಲೇ ಕೂತು ಕಡಲೆಸೊಪ್ಪು ಸೋಸುತ್ತಿದ್ದಳು. ಮಗಳನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. "ಸಲಿಕಿ ಹುಡುಗಿ ಅಲ್ಲೇನ ನೀ?" ಅಂದಳು. ಮಗಳು ಗಂಟು ಬಿಚ್ಚಿ ಕೌದಿಯನ್ನು ಅವಳ ಮುಂದೆ ಹಾಸಿದಳು. ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಕೂಡಿಸಿಕೊಂಡಿದ್ದಳು, ಬಾಯಿಂದ ಒಂದೂ ಬರಲಿಲ್ಲ.

ಆಯಿ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಕಣ್ಣಿನ ಹತ್ತಿರ ಹಿಡಿದು, ಅಂಚಿನ ಉದ್ದಕ್ಕೂ ಬೆರಳಾಡಿಸಿ, "ಇದ್ಯಾರು ಹೊಲದಾರ? ಟಾಕು ಉದ್ದ ಆಗ್ಯಾವಲ್ಲ! ಎರಡು ಸಲ ತೊಳದ್ರ ಬಿಚ್ಚತೈತಿ" ಅಂದಳು. ಬೈಸಿಕೊಂಡದ್ದು ನನ್ನ ಹೊಲಿಗೆಯೇ! ಚಂದ್ರಕಾಳಿಯ ತುಂಡಿನ ಮೇಲೆ ಕೈಯಿಟ್ಟು, "ಇದು ಯಾರ್ದು?" ಎಂದು ಕೇಳಿದಳು. ನಮ್ಮ ಅತ್ತೆಯವರದೆಂದೆ. "ಅದಾರೇನು?" ಎಂದಳು. ಇಲ್ಲವೆಂದೆ. "ಹ್ಞೂಂ" ಎಂದು ಸುಮ್ಮನೆ ಆ ಜಾಗವನ್ನೇ ಸವರುತ್ತ ಕೂತಳು.

ನಾವು ಹೋಗುವಾಗ ಮಾದೇಲಿ ಕಟ್ಟಿಕೊಂಡು ಹೋಗಿದ್ದೆವು. ಅವಳು ಸಜ್ಜಿರೊಟ್ಟಿ, ಕಡಲೆಪಲ್ಯ, ಮಜ್ಜಿಗೆ ಕೊಟ್ಟಳು. ಊಟವಾದ ಮೇಲೆ ಆಳದ ಗೂಡಿನಿಂದ ಸೂಜಿ ತೆಗೆದು, ಒಂದು ಕಡೆಯ ಅಂಚನ್ನು ಸರಸರನೆ ಬಿಚ್ಚಿದಳು! ನಮ್ಮ ಒಂದು ವಾರದ ಕೆಲಸ. ಮಗಳನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು, "ಹಿಂಗ ಹಿಡಿ, ಹಿಂಗ ಎತ್ತು" ಎಂದು ಹೇಳಿಕೊಟ್ಟಳು. ಪ್ರವಾಹದ ಮಾತೂ ಬಂತು. ಶಿಬಿರದವರು ತಂದ ಹಳೆಯ ಬಟ್ಟೆಯ ಚೀಲಗಳಲ್ಲಿ ಉಡುವಂಥದು ಕಡಿಮೆಯಿತ್ತು, ಓಣಿಯ ಹೆಂಗಸರು ಅದರಿಂದ ನೆಲ ಒರೆಸಿದರು ಎಂದು ನಗುತ್ತ ಹೇಳಿದಳು. ಆಗ ಬೇಕಾಗಿದ್ದದ್ದು ಒಣ ಕಟ್ಟಿಗೆ ಮತ್ತು ರೊಟ್ಟಿ ಹಂಚು ಅಂತ. ನಾನು ಬೈಲಹೊಂಗಲದಿಂದ ಅಂಥದೇ ಒಂದು ಚೀಲ ಕಳಿಸಿದ್ದು ನೆನಪಾಗಿ ತಲೆ ತಗ್ಗಿಸಿದೆ.

ಬಸ್ಸಿನ ಹೊತ್ತಾದಾಗ ಅಂಚು ಇನ್ನೂ ಎರಡು ಮೊಳ ಉಳಿದಿತ್ತು. "ನಾ ಮುಗಸ್ತೀನಿ, ಹೋಗ್ರಿ" ಎಂದಳು ಆಯಿ. ಬೇಸಿಗೆಗೆ ಬರುತ್ತೇನೆಂದು ಮಗಳು ಮಾತು ಕೊಟ್ಟಳು. ಆದರೆ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು, ಬಸ್ಸು ನಿಂತವು. ಪಕ್ಕದ ಮನೆಯ ಹುಡುಗನ ಮೊಬೈಲಿಗೆ ಫೋನು ಹಚ್ಚಿ, ಆಯಿಯನ್ನು ಕರೆಸಿ ಮಾತಾಡಿದಳು. ಆರಾಮವೇ, ಊಟಕ್ಕೆ ಏನು ಮಾಡುತ್ತೀರಿ, ಏನು ಕಳಿಸಲಿ ಎಂದು ಕೇಳಿದಳು.

"ರೇಶನ್ ಬಂದೈತಿ, ಏನೂ ಬ್ಯಾಡ" ಎಂದು ಆಚೆಯಿಂದ ಆಯಿಯ ದನಿ ಜೋರಾಗಿ ಕೇಳಿಸಿತು. "ಕೌದಿ ತೊಳದಿದ್ನಿ. ಅವ್ವಗ ಹೇಳು, ಬಣ್ಣ ಬಿಟ್ಟಿಲ್ಲ."