ಸಾವಿರದ ಸರದಿ

ಬರ್ಲಿನ್ನಿನ ಟೆಂಪೆಲ್‌ಹೋಫ್ ವಿಮಾನ ನಿಲ್ದಾಣ 2008ರಲ್ಲೇ ಮುಚ್ಚಿತ್ತು. 2015ರ ಕೊನೆಗೆ ಅದರ ಹ್ಯಾಂಗರುಗಳು ನಿರಾಶ್ರಿತರ ವಸತಿಯಾದವು. ಆ ಒಂದೇ ವರ್ಷದಲ್ಲಿ ಆಶ್ರಯ ಅರಸಿ ಜರ್ಮನಿಗೆ ಬಂದವರು ಸುಮಾರು 8,90,000 ಮಂದಿ. ಅವರಲ್ಲಿ ಕೆಲವರಿಗೆ ನಾನು ಶನಿವಾರಗಳಂದು ಜರ್ಮನ್ ಹೇಳಿಕೊಡುತ್ತಿದ್ದೆ.

ಹೋಮ್ಸ್ ನಗರದ ಬಡಗಿಯೊಬ್ಬರು ತಪ್ಪದೆ ಬರುತ್ತಿದ್ದರು. ಹೆಂಡತಿ ಮತ್ತು ಇಬ್ಬರು ಮಕ್ಕಳು ಬೈರೂತಿನಲ್ಲಿದ್ದರು. ದೋಣಿಯ ಅಪಾಯ ತನಗೊಬ್ಬನಿಗೇ ಇರಲಿ, ಅವರು ಆಮೇಲೆ ವೀಸಾ ಪಡೆದು ವಿಮಾನದಲ್ಲಿ ಬರಲಿ ಎಂಬುದು ಅವರ ಲೆಕ್ಕಾಚಾರ. ಅವರಿಗೆ ದೊರೆತದ್ದು 1951ರ ಜಿನೀವಾ ಒಪ್ಪಂದದ ನಿರಾಶ್ರಿತ ಸ್ಥಾನವಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಪೂರಕ ರಕ್ಷಣೆ’. ಈ ರಕ್ಷಣೆ ಪಡೆದವರು ಕುಟುಂಬವನ್ನು ಕರೆಸಿಕೊಳ್ಳುವುದನ್ನು 2016ರ ಮಾರ್ಚ್‌ನಲ್ಲಿ ಹೊಸ ಕಾನೂನು ತಡೆಹಿಡಿಯಿತು. 2018ರ ಆಗಸ್ಟ್‌ನಲ್ಲಿ ಬಾಗಿಲು ತೆರೆಯಿತು, ಅದೂ ಇಡೀ ದೇಶಕ್ಕೆ ಸೇರಿ ತಿಂಗಳಿಗೆ ಸಾವಿರ ಮಂದಿಗೆ ಮಾತ್ರ. ನಾನು ಬ್ಲೂ ಕಾರ್ಡಿನ ಮೇಲೆ ಬಂದವಳು. ನನ್ನ ಗಂಡ, ಮಗ ಕೆಲವೇ ತಿಂಗಳಲ್ಲಿ ಬಂದು ಸೇರಿದ್ದರು.

“ನಿಮ್ಮ ಮಗನಿಗೆ ಎಷ್ಟು ವರ್ಷ?” ಎಂದು ಅವರೊಮ್ಮೆ ಕೇಳಿದರು. ಆರು ಎಂದೆ. “ನನ್ನವನಿಗೂ ಆರು. ಈಗೀಗ ಫೋನಿಗೆ ಬರುವುದಿಲ್ಲ ಅನ್ನುತ್ತಾನೆ” ಎಂದು ಪುಸ್ತಕ ತೆರೆದರು.

ದೇಶದ ಭದ್ರತೆಯ ಚಿಂತೆ ಸುಳ್ಳೆಂದು ನಾನು ಹೇಳಲಾರೆ. 2016ರ ಡಿಸೆಂಬರಿನಲ್ಲಿ ನಮ್ಮದೇ ಊರಿನ ಕ್ರಿಸ್‌ಮಸ್ ಸಂತೆಗೆ ಟ್ರಕ್ ನುಗ್ಗಿಸಿದವನು, ಆಶ್ರಯದ ಅರ್ಜಿ ತಿರಸ್ಕೃತವಾಗಿದ್ದವನು. ಅಂದಿನಿಂದ ಎಷ್ಟೋ ದಿನ ನಾನೂ ಜನಜಂಗುಳಿಯಲ್ಲಿ ಹೆದರಿಯೇ ನಡೆದಿದ್ದೇನೆ. ಆದರೆ ಕುಟುಂಬದ ವೀಸಾ ಎಂದರೇನು? ರಾಯಭಾರ ಕಚೇರಿಯಲ್ಲಿ ಹೆಸರು, ಗುರುತು, ದಾಖಲೆ ಎಲ್ಲವನ್ನೂ ಪರಿಶೀಲಿಸಿದ ಮೇಲಷ್ಟೇ ವಿಮಾನ ಹತ್ತಲು ಬಿಡುವ ದಾರಿ. ಯಾರು ಬರುತ್ತಿದ್ದಾರೆಂದು ಸರ್ಕಾರಕ್ಕೆ ಮೊದಲೇ ಚೆನ್ನಾಗಿ ತಿಳಿಯುವ ಬಾಗಿಲು ಅದು. ಅದನ್ನು ಮುಚ್ಚಿದರೆ ತಾಯಿ ಮಕ್ಕಳಿಗೆ ಉಳಿಯುವುದು ಕಳ್ಳಸಾಗಣೆದಾರರ ದೋಣಿ.

ಮನಸ್ಸಿದ್ದರೆ ಮಾರ್ಗ ಇದೆಯೆಂಬುದನ್ನು 2022 ತೋರಿಸಿತು. ಯುಗೊಸ್ಲಾವಿಯದ ಯುದ್ಧಗಳ ಅನುಭವದಿಂದ 2001ರಲ್ಲಿ ರೂಪಿಸಿ, ಒಮ್ಮೆಯೂ ಬಳಸದಿದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಯುರೋಪಿಯನ್ ಒಕ್ಕೂಟ ಯುಕ್ರೇನಿನವರಿಗಾಗಿ ಯುದ್ಧ ಶುರುವಾದ ಎರಡೇ ವಾರದೊಳಗೆ ಜಾರಿಗೆ ತಂದಿತು. ಆಶ್ರಯದ ಅರ್ಜಿಯ ಕಾಯುವಿಕೆಯಿಲ್ಲದೆ ವಾಸ, ಕೆಲಸ, ಶಾಲೆ. ಅದು ಸರಿಯಾದ ಕೆಲಸ. ಸಿರಿಯಾದವರಿಗೂ ಅದು ಸಲ್ಲಬಹುದಿತ್ತು.

ಬಡಗಿಯ ಕುಟುಂಬ 2019ರಲ್ಲಿ ಬಂತು. ಮಗ ಮೊದಲ ಕೆಲವು ವಾರ ಅಪ್ಪನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದನಂತೆ, ಹೊಸಬರನ್ನು ಮಾತಾಡಿಸುವ ಹಾಗೆ. 2025ರ ಜುಲೈಯಲ್ಲಿ ಜರ್ಮನಿ ಆ ಬಾಗಿಲನ್ನು ಮತ್ತೆ ಎರಡು ವರ್ಷಕ್ಕೆ ಮುಚ್ಚಿದೆ. ಕಡತಕ್ಕೆ ಎರಡು ವರ್ಷ ದೊಡ್ಡದಲ್ಲ. ಆರು ವರ್ಷದ ಮಗುವಿಗೆ ಅದು ಬದುಕಿನ ಮೂರನೆಯ ಒಂದು ಭಾಗ.