ನೇಣೋ, ಜೀವಾವಧಿಯೋ?

ಹೋದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಕೊಲೆಗೆ ನೇಣೇ ತಕ್ಕ ಶಿಕ್ಷೆಯೆಂಬ ಪಕ್ಷ ಹಿಡಿದು ಮಾತನಾಡಿ ನಾನು ಎರಡನೆಯ ಬಹುಮಾನ ಪಡೆದೆನು. ಆ ಬಟ್ಟಲನ್ನು ಮನೆಯಲ್ಲಿ ತೋರಿಸುವ ಆತುರದಿಂದ ಶನಿವಾರವೇ ಕಲಬುರಗಿಯಲ್ಲಿ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆನು. ಮುತ್ಯಾ ಅದನ್ನು ತಿರುಗಿಸಿ ನೋಡಿ, "ಏನೇನು ಮಾತಾಡಿದಿ, ನನಗೂ ಹೇಳು ತಮ್ಮಾ" ಎಂದರು.

ಹೇಳತೊಡಗಿದೆನು. 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಕೊಲೆಗೆ ಜೀವಾವಧಿಯೇ ನಿಯಮ, ನೇಣು ಅಪವಾದ. ನೇಣು ವಿಧಿಸುವ ನ್ಯಾಯಾಧೀಶರು ವಿಶೇಷ ಕಾರಣ ಬರೆಯಲೇಬೇಕು. 2024ರಲ್ಲಿ ಹೊಸ ಸಂಹಿತೆ ಬಂದರೂ ಈ ಮಾತು ಉಳಿದಿದೆ. 1980ರ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಪರೂಪದಲ್ಲಿ ಅಪರೂಪವಾದ ಪ್ರಕರಣಕ್ಕೆ ಮಾತ್ರ ನೇಣೆಂದಿತು. ಅಪರಾಧವನ್ನು ಘೋರವಾಗಿಸುವ ಸಂಗತಿಗಳಾವುವೆಂದು 1983ರ ಮಚ್ಛಿ ಸಿಂಗ್ ಮೊಕದ್ದಮೆ ಎಣಿಸಿ ಹೇಳಿತು: ಕೊಂದ ರೀತಿ, ಕೊಂದ ಉದ್ದೇಶ, ಸತ್ತವರ ಸಂಖ್ಯೆ, ಸತ್ತವನ ಅಸಹಾಯಕತೆ...

"ನಿದ್ದ್ಯಾಗಿದ್ದಾಂವನ್ನ ಹೊಡದ್ರ?"

"ಅದು ಘೋರವೇ, ಮುತ್ಯಾ" ಎಂದವನು ನಾಲಗೆ ಕಚ್ಚಿಕೊಂಡೆನು. ಮುತ್ಯಾರ ತಮ್ಮ ನಾನು ಹುಟ್ಟುವ ಮೊದಲೇ, ಬದುವಿನ ಜಗಳದಲ್ಲಿ, ಕಣದ ರಾಶಿ ಕಾಯುತ್ತ ಮಲಗಿದ್ದಾಗ ಕೊಲೆಯಾದವರು. ಕೊಂದವನು 14 ವರ್ಷ ಮೀರಿದ ಮೇಲೆ ಬಿಡುಗಡೆಯಾಗಿ ಊರಲ್ಲೇ ಇದ್ದಾನೆ.

"ಹದಿನಾಕು ವರ್ಷ ಸಾಕೇನು?"

ಈ ಪ್ರಶ್ನೆ ಕೋರ್ಟನ್ನೂ ಕಾಡಿದೆ. ಹೆಂಡತಿಯನ್ನು 1991ರಲ್ಲಿ ಬೆಂಗಳೂರಿನ ಮನೆಯಂಗಳದಲ್ಲಿ ಹೂತಿಟ್ಟ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ ನೇಣು ಹೆಚ್ಚಾಯಿತು, 14 ವರ್ಷ ತೀರ ಕಡಿಮೆಯಾಯಿತು ಎಂದು ತೂಗಿ, 2008ರಲ್ಲಿ ಸುಪ್ರೀಂ ಕೋರ್ಟು ಬದುಕಿರುವವರೆಗೆ ಬಿಡುಗಡೆಯಿಲ್ಲದ ಸೆರೆ ವಿಧಿಸಿತು. ಇದನ್ನು ಹೇಳಿದಾಗ ಮುತ್ಯಾ ತಲೆದೂಗಿದರು; ಆದರೆ ಬಿಡಲಿಲ್ಲ.

"ಕೊಂದಾಂವ ಎಂಥಾಂವ ಅಂತ ತೂಗೂದಿಲ್ಲೇನು?"

ತೂಗಬೇಕು. ಅಪರಾಧಿಯ ವಯಸ್ಸು, ಮನಸ್ಸಿನ ಸ್ಥಿತಿ, ತಿದ್ದಿಕೊಳ್ಳುವ ಸಂಭವ ಇವನ್ನೂ ನೋಡಬೇಕೆಂದು ಬಚನ್ ಸಿಂಗ್ ತೀರ್ಪಿನಲ್ಲೇ ಇದೆ. ಎದುರು ಪಕ್ಷದವರಿಗೆ ಅನುಕೂಲವಾದೀತೆಂದು ಭಾಷಣದಲ್ಲಿ ನಾನು ಅದನ್ನು ನುಂಗಿಬಿಟ್ಟಿದ್ದೆನು! ಓದುಗರು ಕ್ಷಮಿಸಬೇಕು, ತೀರ್ಪುಗಾರರಂತೂ ಗಮನಿಸಲಿಲ್ಲ.

"ಅವಾಗ ಅವ ನಿನ್ನಷ್ಟೇ ಇದ್ದ" ಎಂದರು ಮುತ್ಯಾ. "ಅವರವ್ವ ನಮ್ಮ ಅಂಗಳದಾಗ ಬಂದು ಬಿದ್ದು ಅತ್ತಳು. ನಾ ನೇಣೇ ಆಗ್ಲಿ ಅಂದಿದ್ದೆ. ಇವತ್ತಿಗೂ ಅವನ ಸಂಗಡ ಮಾತಾಡಂಗಿಲ್ಲ. ಆದ್ರ ಹ್ವಾದ ವರ್ಷ ಅವನ ಎತ್ತು ಬಾವ್ಯಾಗ ಬಿದ್ದಾಗ ಹಗ್ಗ ನಾನೇ ಕೊಟ್ಟೆ."

ಮರುದಿನ ಬಸ್ ನಿಲ್ದಾಣದಲ್ಲಿ ಆತ ಕೆಂಬಾಳೆಯ ಗೊನೆ ಇಳಿಸುತ್ತಿದ್ದ. ನನ್ನನ್ನು ಕಂಡು, "ಕಲಬುರಗಿ ಬಸ್ಸು ಹೋತೇನು?" ಎಂದು ಕೇಳಿದ.

"ಇನ್ನೂ ಬಂದಿಲ್ಲ, ಕಾಕಾ" ಎಂದೆನು.